ನಾಲ್ಕು ವಾಕ್ಯಕ್ಕೆ ಒಂದು ಅಂಕ

ಕಾವೂರಿನ ಶಾಲೆಯೊಂದರಲ್ಲಿ ನಾನು ಏಳನೇ ತರಗತಿಗೆ ಇಂಗ್ಲಿಷ್ ಕಲಿಸುತ್ತಿದ್ದೆ. 'ಲೀವ್' ಎಂಬ ಪದಕ್ಕೆ ಹೊರಡುವುದು, ಬಿಡುವುದು, ಉಳಿಸುವುದು, ರಜೆ ಎಂದೆಲ್ಲ ಅರ್ಥಗಳಿವೆ. ನಾಲ್ಕು ಅರ್ಥಕ್ಕೆ ನಾಲ್ಕು ವಾಕ್ಯ ಬರೆಯಿರಿ ಎನ್ನುವುದು ಪರೀಕ್ಷೆಯಲ್ಲಿ ನನ್ನ ಮೆಚ್ಚಿನ ಪ್ರಶ್ನೆ.

ಒಬ್ಬ ಹುಡುಗಿ ನಾಲ್ಕರಲ್ಲೂ ರಜೆಯನ್ನೇ ಬರೆದಿದ್ದಳು. ದುಬೈಯಲ್ಲಿರುವ ಅಪ್ಪನಿಗೆ ಒಂದು ತಿಂಗಳು ಲೀವ್ ಸಿಕ್ಕಿತು. ಅಪ್ಪನಿಗೆ ಹತ್ತು ದಿನ ಲೀವ್ ಸಿಕ್ಕಿತು. ಅಪ್ಪನ ಲೀವ್ ಕ್ಯಾನ್ಸಲ್ ಆಯಿತು. ಅಪ್ಪ ಲೀವ್ ಕೇಳಲಿಲ್ಲ.

ಇಷ್ಟು ಪಾಠ ಮಾಡಿದ್ದೆಲ್ಲ ದಂಡವಾಯಿತೆಂದು ನನಗೆ ಸಿಟ್ಟು ಬಂತು. ಮೊದಲ ವಾಕ್ಯಕ್ಕೆ ಒಂದು ಅಂಕ ಕೊಟ್ಟು, ಉಳಿದ ಮೂರನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ. ಉತ್ತರಪತ್ರಿಕೆ ಹಂಚುವ ದಿನ ಅವಳನ್ನು ಮೇಜಿನ ಬಳಿ ಕರೆದೆ.

"ಎಂತ ಇದು? ನಾಲ್ಕು ಸಲವೂ ಒಂದನ್ನೇ ಬರೆದದ್ದಾ?"

"ಒಂದೇ ಅಲ್ಲ ಟೀಚರ್," ಎಂದಳು. "ಅದು ನಾಲ್ಕು ವರ್ಷದ್ದು."

ಪತ್ರಿಕೆ ತೆಗೆದುಕೊಂಡು ಬೆಂಚಿಗೆ ಹೋದಳು. ನಾನು ಅಂಕ ತಿದ್ದಲಿಲ್ಲ. ತಿದ್ದಿದರೆ ಉಳಿದ ಮಕ್ಕಳಿಗೆ ಅನ್ಯಾಯವಾಗುತ್ತಿತ್ತು ಎಂದು ಇವತ್ತಿಗೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ನಿಜವೆಂದರೆ, ಇಡೀ ತರಗತಿಯ ಮುಂದೆ ಅವಳನ್ನು ಮತ್ತೆ ಕರೆಯಲು ನನಗೆ ನಾಚಿಕೆಯಾಗಿತ್ತು, ಅಷ್ಟೇ.