ಐತಾರದ ಏಡಿ

ಕೋಳಿಯ ಕರುಳನ್ನು ಅರ್ಧ ತಾಸು ಬಿಸಿಲಿಗಿಟ್ಟರೆ ಬರುವ ವಾಸನೆ ಇದೆಯಲ್ಲ, ಅದಕ್ಕೆ ನನಗೆ ಗೊತ್ತಿರುವ ಯಾವ ಭಾಷೆಯಲ್ಲೂ ಮರ್ಯಾದಸ್ಥ ಶಬ್ದವಿಲ್ಲ. ಕಳೆದ ತಿಂಗಳು ಹೊನ್ನಾವರದ ಹಿನ್ನೀರಿನ ದಂಡೆಯಲ್ಲಿ ಆ ವಾಸನೆ ಮೂಗಿಗೆ ಬಡಿಯಿತು. ಜೊತೆಗಿದ್ದ ತಂಗಿಯ ಮಗಳು ಸೆರಗಿಲ್ಲದ ಡ್ರೆಸ್ಸಿನ ಕಾಲರನ್ನೇ ಮೂಗಿನ ಮೇಲೆ ಎಳೆದುಕೊಂಡು ಹಿಂದೆ ಸರಿದಳು. ನಾನು ಎರಡು ಹೆಜ್ಜೆ ಮುಂದೆ ಹೋದೆ.

ಕಯಾಕ್ ದೋಣಿ ಬಾಡಿಗೆಗೆ ಕೊಡುವ ಹೆಂಗಸೊಬ್ಬಳು ಅಲ್ಲಿ ಕುಳಿತು, ಕಬ್ಬಿಣದ ಬಳೆಗೆ ಬಿಗಿದ ಬಲೆಯ ನಡುವೆ ಕರುಳಿನ ಗಂಟನ್ನು ಕಟ್ಟುತ್ತಿದ್ದಳು. ಪ್ರವಾಸಿಗರು ಕಯಾಕಿನಲ್ಲಿ ಹೋಗಿ ತಾವೇ ಏಡಿ ಹಿಡಿಯಬಹುದಂತೆ. ಹಿಂದಿನ ಬೋರ್ಡಿನ ಮೇಲೆ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ‘ಫನ್’ ಎಂದು ಬರೆದಿತ್ತು. ಫನ್... ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಏಕೆಂದರೆ ಇದೇ ಫನ್ನಿಗಾಗಿ ಒಬ್ಬ ಹೆಂಗಸು ಇಡೀ ಊರನ್ನು ಎದುರು ಹಾಕಿಕೊಂಡದ್ದನ್ನು ನಾನು ಕಂಡಿದ್ದೇನೆ.

ಅವರು ನಮ್ಮ ನರ್ಸಮ್ಮ.

ಆಗ ನನಗೆ ಹನ್ನೆರಡು ವರ್ಷ. ಅಪ್ಪ ಎಡದಂಡೆ ಕಾಲುವೆಯ ಓವರ್ಸಿಯರ್. ಸಿಂಧನೂರಿನಿಂದ ತುರ್ವಿಹಾಳದ ಕಡೆ ಹೋಗುವ ಬಸ್ಸಿನಿಂದ ನಡುವೆ ಇಳಿದು, ಇನ್ನೂ ಸ್ವಲ್ಪ ನಡೆಯಬೇಕಾದ ಒಂದು ಊರಿನಲ್ಲಿ ನಮ್ಮ ಕ್ವಾರ್ಟರ್ಸ್ ಇತ್ತು. ಊರಿನ ಹೆಸರು ಹೇಳುವುದಿಲ್ಲ. ನಾನು ಬಳ್ಳಾರಿಯ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಓದುತ್ತಿದ್ದೆ. ಫೋರ್ಕು ಎಡಗೈಯಲ್ಲಿ, ನೈಫು ಬಲಗೈಯಲ್ಲಿ, ಬಾಯಿ ಮುಚ್ಚಿ ಅಗಿಯಬೇಕು ಎಂದೆಲ್ಲ ಕಲಿತು, ದಸರಾ ರಜೆಗೆ ಬಂದು ತಟ್ಟೆಯಲ್ಲಿ ರೊಟ್ಟಿ ಮುರಿಯುತ್ತಿದ್ದೆ.

ನಮ್ಮ ಗೋಡೆಗೆ ತಾಗಿದ ಪಕ್ಕದ ಕ್ವಾರ್ಟರ್ಸ್ ನರ್ಸಮ್ಮನದು. ಲಿಂಗಸುಗೂರಿನ ಆಚೆ ಕೃಷ್ಣಾ ನದಿಯ ದಂಡೆಯ ಊರಿನವರು. ಊರ ಹೊರಗಿನ ಕೇರಿಯವರು, ಆ ಕೇರಿಗೆ ಮೊದಲ ಸರಕಾರಿ ಪಗಾರ ತಂದವರು. ಅವರ ಪಡಸಾಲೆಯಲ್ಲಿ ಬುದ್ಧನ ಪಟವಿತ್ತು, ಅದರ ಕೆಳಗೆ ಸೂಜಿ ಕುದಿಸುವ ಸ್ಟೀಲ್ ಡಬ್ಬಿ ಇರುತ್ತಿತ್ತು. ಊರಿಗೆ ವರ್ಗವಾಗಿ ಬಂದಾಗ ಟ್ರಂಕು, ಹಾಸಿಗೆಯ ಜೊತೆಗೆ ಬಸ್ಸಿನ ಟಾಪಿನ ಮೇಲೆ ಒಂದು ಹರಿಗೋಲನ್ನೂ ಬೋರಲು ಹಾಕಿಸಿಕೊಂಡು ಬಂದಿದ್ದರಂತೆ. ದುಂಡನೆಯ ಬಿದಿರಿನ ಬುಟ್ಟಿ, ಹೊರಗೆ ಡಾಂಬರು ಬಳಿದ ದಪ್ಪ ಬಟ್ಟೆ. ಇಬ್ಬರು ಕೂತರೆ ತುಂಬಿತು.

ಆರು ದಿನ ಅವರು ಬಿಳಿ ಸೀರೆಯಲ್ಲಿ ಹೆರಿಗೆ, ಬಾಣಂತಿ, ಸಿಡುಬಿಗೆ ದೇವಿ ಹಾಕುವ ಸೂಜಿ ಎಂದು ಹಳ್ಳಿಹಳ್ಳಿ ಸುತ್ತುತ್ತಿದ್ದರು. ರಜೆಯ ಐತಾರ ಬೆಳಿಗ್ಗೆ ಮಾತ್ರ ಹಳೆಯ ಸೀರೆಯನ್ನು ಮೊಣಕಾಲಿಗೆ ಕಟ್ಟಿ, ಹರಿಗೋಲನ್ನು ದೊಡ್ಡ ಕೊಡೆಯ ಹಾಗೆ ತಲೆಯ ಮೇಲೆ ಹೊತ್ತು ಕೆರೆಗೆ ನಡೆಯುತ್ತಿದ್ದರು. ಕುಡಿಯುವ ನೀರಿನ ಕೆರೆ ಬೇರೆ ಇತ್ತು. ಇದು ಕಾಲುವೆಯ ಹೆಚ್ಚಿನ ನೀರು ಬಂದು ನಿಲ್ಲುವ ಹಳೆಯ ಕೆರೆ, ಎಮ್ಮೆಗಳು ಈಸುತ್ತಿದ್ದವು.

ಅವರ ಬಲೆಗಳನ್ನು ಈಗಲೂ ಕಣ್ಣು ಮುಚ್ಚಿ ಬಿಡಿಸಬಲ್ಲೆ. ಸೈಕಲ್ಲಿನ ಹಳೆ ರಿಮ್ಮಿಗೆ ಬಲೆ, ಮೂರು ಕಡೆಯಿಂದ ಹಗ್ಗ, ನಡುವೆ ಬ್ಯಾಂಡೇಜಿನ ತುಂಡಿನಲ್ಲಿ ಕಟ್ಟಿದ ಕೋಳಿ ಕರುಳು, ಗುರುತಿಗೆ ತೇಲಲು ಬಿರಡೆ ಬಿಗಿದ ಖಾಲಿ ಗ್ಲುಕೋಸ್ ಬಾಟಲಿ. ನಾಲ್ಕು ಕಡೆ ಬಿಟ್ಟು, ಹರಿಗೋಲನ್ನು ನಿಧಾನ ತಿರುಗಿಸುತ್ತ ಕಾಯುವುದು. ಎತ್ತುವಾಗ ಮಾತ್ರ ಒಂದೇ ಉಸಿರಿಗೆ ಎಳೆಯಬೇಕು, ಅನುಮಾನಿಸಿದರೆ ಏಡಿ ಅಂಚು ದಾಟಿ ಹೋಗುತ್ತದೆ. ನಾನು ಮೊದಲ ಸಲ ಕಾಂಪೌಂಡ್ ಹಾರಿ ಹಿಂದೆ ಹೋದಾಗ ಅವರು ಬೈಯಲಿಲ್ಲ. “ಬೂಟ್ಸ್ ಬಿಚ್ಚಿ ಹತ್ತು ಬೇ, ನನ್ನ ಹರಗೋಲಕ್ಕ ಡಾಂಬರ್ ಹೊಸಾದೈತಿ,” ಎಂದರು ಅಷ್ಟೇ.

ಒಂದು ನಿಯಮವಿತ್ತು. ಸಿಕ್ಕ ಪ್ರತಿ ಏಡಿಯನ್ನೂ ಬೆನ್ನ ಮೇಲೆ ಮಲಗಿಸಿ ಹೊಟ್ಟೆ ನೋಡುತ್ತಿದ್ದರು. ಹೆಣ್ಣಾಗಿದ್ದರೆ ಹೊಟ್ಟೆಯ ಅಗಲ ಮುಚ್ಚಳವನ್ನು ಹೆಬ್ಬೆರಳಿನಿಂದ ಒಂಚೂರು ಎತ್ತುತ್ತಿದ್ದರು. ಒಮ್ಮೆ ಅದರೊಳಗೆ ಸಾಸಿವೆಯಷ್ಟು ದೊಡ್ಡ ಮರಿಗಳು, ನೂರಾರು, ಒಂದರ ಮೇಲೊಂದು... ನಾನು ಕಿರುಚಿಯೇ ಬಿಟ್ಟೆ. ನರ್ಸಮ್ಮ ಏಡಿಯನ್ನು ಅಂಗೈ ಮೇಲಿಟ್ಟು ನೀರಿಗೆ ಇಳಿಸಿದರು. “ಹೋಗವಾ, ನಿನ್ನ ಹೆರಿಗಿ ಕೇಸ್ ನಾ ಮುಟ್ಟಂಗಿಲ್ಲ. ಇವತ್ತ ನನಗ ರಜಾ.”

ಆವತ್ತು ಅವರ ಅಡುಗೆಮನೆಯ ನೆಲದ ಮೇಲೆ ಕೂತು, ಜೋಳದ ರೊಟ್ಟಿಯ ಜೊತೆ ಏಡಿಯ ಸಾರು ತಿಂದೆ. ಕಾಲುಗಳನ್ನು ಹಲ್ಲಿನಿಂದ ಒಡೆದು, ಬಾಯಿ ತೆರೆದು, ಚಪ್ಪರಿಸಿ. ಎರಡನೆಯ ಸಲವೂ ನೀಡಿಸಿಕೊಂಡೆ. ಕಾನ್ವೆಂಟಿನ ಮದರ್ ನೋಡಿದ್ದರೆ ಮೂರ್ಛೆ ಹೋಗುತ್ತಿದ್ದರು.

ತಪ್ಪು ಮಾಡಿದ್ದು ನಾನು. ಊರ ಗೌಡರ ಮನೆಗೆ ಅಮ್ಮನ ಜೊತೆ ಅರಿಶಿನ ಕುಂಕುಮಕ್ಕೆ ಹೋದಾಗ, ಹೆಂಗಸರೆಲ್ಲ ಕೂತಲ್ಲಿ, ಏಡಿ ಎಂಥ ಟೇಸ್ಟಿ ಎಂದು ಜಂಬ ಕೊಚ್ಚಿದೆ. ಅಮ್ಮನ ಮುಖ ಬಿಳುಚಿತು. ಸಂಜೆ ಗೌಡರು ಸ್ವತಃ ನಮ್ಮ ಪಡಸಾಲೆಯಲ್ಲಿ ಬಂದು ಕೂತರು. ಅಪ್ಪ ನನ್ನನ್ನು ಕರೆದು ಅವರ ಮುಂದೆಯೇ ಕೇಳಿದರು, “ತಿಂದಿಯೇನು?”

ನಾನು ನೆಲ ನೋಡಿದೆ. “ನೋ ಡ್ಯಾಡಿ. ಅವರೇ ಒತ್ತಾಯ ಮಾಡಿ ಕೂಡಿಸಿದರು. ನಾನು ತಿನ್ನಲಿಲ್ಲ.”

ಗೋಡೆಯ ಆಚೆ ಖಾರ ಕುಟ್ಟುವ ಸದ್ದು ಬರುತ್ತಿತ್ತು. ಅದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಗೌಡರು ಅಲ್ಲಿಂದ ನೆಟ್ಟಗೆ ಅವರ ಬಾಗಿಲಿಗೆ ಹೋದರು. ಹೊಸಿಲು ದಾಟಲಿಲ್ಲ, ಅಂಗಳದಲ್ಲೇ ನಿಂತರು. ನಾನು ಕಿಟಕಿಯಲ್ಲಿದ್ದೆ.

“ನರ್ಸಮ್ಮ, ತಿಂಗಳಾ ಪಗಾರ ಬರ್ತೈತಿ. ಹೊಟ್ಟೀಗೇನ್ ಕಮ್ಮಿ ಆಗೈತಿ ನಿನಗ?”

“ಏನೂ ಕಮ್ಮಿ ಇಲ್ರಿ ಗೌಡ್ರ.”

“ಮತ್ತ ಏಡಿ ಯಾಕ ಹಿಡೀತಿ?”

“ಸುಮ್ನ ಹಿಡೀತೀನ್ರಿ.”

“ಸುಮ್ನ ಅಂದ್ರ?”

“ನೀವು ಸಂಜೀಕ ಕಟ್ಟಿ ಮ್ಯಾಲ ಕುಂತು ಇಸ್ಪೀಟ್ ಆಡ್ತೀರಲ್ರಿ, ಹಂಗ.”

“ದೊಡ್ಡವರ ಮನಿ ಹುಡುಗ್ರನ್ನ ಕರ್ಕೊಂಡು ಹೋಗಿ ಕೆಡಸಾಕತ್ತಿ. ಇನ್ನ ಮ್ಯಾಲ ಕೆರಿ ಕಡೆ ಕಾಲಿಡಬ್ಯಾಡ,” ಎಂದರು. ಆ ಮಾತನ್ನು ಅವರ ಕೈಗೆ ಕೊಟ್ಟವಳು ನಾನು.

ಈಗ ಯೋಚಿಸಿದರೆ ಗೌಡರ ಸಿಟ್ಟಿನ ಬೇರು ಕಾಣುತ್ತದೆ. ಊರ ಹೊರಗಿನ ಕೇರಿಯವರು ಹಸಿದು ಗದ್ದೆಯ ಬದುವಿನಲ್ಲಿ ಏಡಿ ಹಿಡಿದಾಗ ಊರು ಎಂದೂ ತಕರಾರು ಮಾಡಿರಲಿಲ್ಲ, ಅದು ಅವರ ಪಾಡು ಎಂದು ಬಿಟ್ಟಿತ್ತು. ಹೊಟ್ಟೆ ತುಂಬಿದ ಮೇಲೂ, ಕೈಗಡಿಯಾರ ಕಟ್ಟಿದ ಮೇಲೂ, ಅಂಥದೇ ಕೇರಿಯ ಹೆಂಗಸು ನಟ್ಟನಡು ಕೆರೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಖುಷಿಗಾಗಿ ಏಡಿ ಹಿಡಿಯುವುದು ಮಾತ್ರ ಊರಿಗೆ ಸಹಿಸಲಾಗಲಿಲ್ಲ.

ಮರುದಿನ ಬೆಳಿಗ್ಗೆ ನೋಡಿದರೆ, ಹಿತ್ತಲಿನಲ್ಲಿ ಬೋರಲು ಹಾಕಿದ್ದ ಹರಿಗೋಲಿನ ತಳವನ್ನು ಯಾರೋ ಕುಡುಗೋಲಿನಿಂದ ಸೀಳಿದ್ದರು. ಒಂದು ಮೊಳ ಉದ್ದ.

ಅವರು ಅಳುತ್ತಾರೆ ಎಂದುಕೊಂಡಿದ್ದೆ. ಡ್ಯೂಟಿಗೆ ಹೋದರು. ಬಂದ ಮೇಲೆ ಟ್ರಂಕಿನಿಂದ ಹಳೆಯ ರಬ್ಬರ್ ಶೀಟೊಂದನ್ನು ತೆಗೆದರು. ಹೆರಿಗೆಯ ಟೇಬಲ್ಲಿನ ಮೇಲೆ ಹಾಸುತ್ತಾರಲ್ಲ, ಕೆಂಪನೆಯದು, ತೂತು ಬಿದ್ದು ಕೆಲಸಕ್ಕೆ ಬಾರದ್ದು. ಅದನ್ನು ಕತ್ತರಿಸಿ ಸೀಳಿನ ಮೇಲಿಟ್ಟು ದಬ್ಬಣದಿಂದ ಹೊಲಿದು, ಅಂಚಿಗೆಲ್ಲ ಡಾಂಬರು ಬಳಿಯುತ್ತಿದ್ದಾಗ ನಾನು ಕಾಂಪೌಂಡಿನ ಹತ್ತಿರ ಹೋಗಿ ನಿಂತೆ.

“ಸಾರಿ,” ಎಂದೆ.

ತಲೆ ಎತ್ತಲಿಲ್ಲ. “ಸುಳ್ಳ ಯಾರ ಮುಂದ ಹೇಳಿದ್ದಿ?”

“ಗೌಡರ ಮುಂದೆ.”

“ಹಂಗಾರ ಸಾರಿ ನನಗ್ಯಾಕ ಹೇಳಾಕತ್ತಿ?” ಡಾಂಬರಿನ ಕುಂಚವನ್ನು ಡಬ್ಬಿಗೆ ಅದ್ದಿದರು. “ಐತಾರ ನಾ ಕೆರೀಗೆ ಹೊಕ್ಕೀನಿ. ಬರೋದು ಬಿಡೋದು ನಿನಗ ಬಿಟ್ಟಿದ್ದು.”

ನಾಲ್ಕು ದಿನ ಇತ್ತು ಐತಾರಕ್ಕೆ. ಬೋರ್ಡಿಂಗಿಗೆ ಬೇಗ ಕಳಿಸಿಬಿಡಿ ಎಂದು ಅಮ್ಮನನ್ನು ಕೇಳಬೇಕೆಂದು ಅನ್ನಿಸಿತು... ಕೇಳಲಿಲ್ಲ.

ಐತಾರ ಕೆರೆಯ ಏರಿಯ ಮೇಲೆ ಜನ ಸೇರಿದ್ದರು. ನರ್ಸಮ್ಮ ಹರಿಗೋಲು ಹೊತ್ತು ಬಂದಾಗ ಆಕಾಶದ ಕಡೆ ತಿರುಗಿದ ತಳದಲ್ಲಿ ಆ ಕೆಂಪು ತೇಪೆ ಮೈಲು ದೂರದಿಂದ ಕಾಣುತ್ತಿತ್ತು. ಮುಚ್ಚಲು ಡಾಂಬರು ಬೇಕಾದಷ್ಟಿತ್ತು, ಅವರು ಬೇಕೆಂದೇ ಮುಚ್ಚಿರಲಿಲ್ಲ. ಯಾರ ಮುಖವನ್ನೂ ನೋಡದೆ ನೀರಿಗೆ ಇಳಿಸಿದರು. ನಾನು ಇಸ್ತ್ರಿ ಮಾಡಿದ ಫ್ರಾಕಿನಲ್ಲೇ ಓಡಿದೆ. ಅಮ್ಮ ಹಿಂದಿನಿಂದ ಕೂಗಿದ್ದು ಕೇಳಿಸಿತು. ಬೂಟ್ಸ್ ದಂಡೆಯಲ್ಲಿ ಬಿಚ್ಚಿ ಹತ್ತಿ ಕೂತೆ.

“ಓವರ್ಸಿಯರ್ ಸಾಹೇಬ್ರ ಮಗಳದಾಳ. ಆಕೀನ ಇಳಸು,” ಎಂದರು ಗೌಡರು.

“ಆಕೀಗೆ ಬಾಯಿ ಐತ್ರಿ. ಆಕೀನ ಕೇಳ್ರಿ.”

ನಾನು ಹರಿಗೋಲಿನ ಅಂಚು ಹಿಡಿದುಕೊಂಡೆ. ಕಾನ್ವೆಂಟಿನ ಕನ್ನಡ ನಾಲಿಗೆಗೆ ಬರಲಿಲ್ಲ, ಊರಿನದೇ ಬಂತು. “ನಾ ಸುಳ್ಳ ಹೇಳಿದ್ದೆ ರಿ ಗೌಡ್ರ. ಯಾರೂ ಜುಲ್ಮಿ ಮಾಡಿಲ್ಲ. ನಾನ ಬಂದಿದ್ದೆ, ನಾನ ತಿಂದೀನಿ. ಎರಡು ಸಲ ನೀಡಿಸ್ಕೊಂಡೀನಿ.”

ಏರಿಯ ಮೇಲೆ ಯಾವುದೋ ಮುದುಕಿ ಕಿಸಕ್ಕನೆ ನಕ್ಕಳು. ಅವಳ ಮೂರು ಮೊಮ್ಮಕ್ಕಳು ನರ್ಸಮ್ಮನ ಕೈಯಲ್ಲೇ ಹುಟ್ಟಿದ್ದವು. ಆ ಏರಿಯ ಮೇಲೆ ನಿಂತ ಅರ್ಧ ಮಕ್ಕಳದ್ದೂ ಅದೇ ಕಥೆ. ಅಪ್ಪ ಜನರ ಹಿಂದೆ ನಿಂತಿದ್ದರು. ಮುಂದೆ ಬಂದರು. ಬಗ್ಗಿ ನನ್ನ ಬೂಟ್ಸ್ ಎತ್ತಿಕೊಂಡು, ನೀರು ತಾಗದ ಹಾಗೆ ಮೇಲೆ ಇಟ್ಟರು. ನರ್ಸಮ್ಮ ಹುಟ್ಟನ್ನು ಒತ್ತಿದರು, ದಂಡೆ ದೂರ ಸರಿಯಿತು. ತೇಪೆಯ ಒಂದು ಮೂಲೆಯಿಂದ ನೀರು ಜಿನುಗುತ್ತಿತ್ತು, ನಾನು ಅಂಗೈಯಿಂದ ಎತ್ತಿ ಹೊರಗೆ ಚೆಲ್ಲುತ್ತಿದ್ದೆ.

ಗೆದ್ದೆವು ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಆ ವರ್ಷ ಮುಗಿಯುವ ಮೊದಲೇ ಅವರಿಗೆ ವರ್ಗವಾಯಿತು. ನಾನು ಬೋರ್ಡಿಂಗಿನಲ್ಲಿದ್ದೆ. ‘ಪಕ್ಕದ ಮನೆ ಖಾಲಿಯಾಯಿತು, ಆ ಬುಟ್ಟಿಯನ್ನು ಬಸ್ಸಿನ ಮೇಲೆ ಹಾಕಿಕೊಂಡೇ ಹೋದಳು, ಕೆಂಪು ತೇಪೆ ಮೇಲೆ ಮಾಡಿ’ ಎಂದು ಅಮ್ಮ ಕಾಗದದಲ್ಲಿ ಬರೆದಿದ್ದರು. ಆದರೆ ಹೋಗುವ ತನಕ ಒಂದು ಐತಾರವನ್ನೂ ಅವರು ತಪ್ಪಿಸಲಿಲ್ಲವೆಂದು ಆಮೇಲೆ ಅಪ್ಪ ಹೇಳಿದರು, ಒಂದು ತರಹದ ಹೆಮ್ಮೆಯಿಂದಲೇ.

ನಾನು ಬಹಳ ವರ್ಷ ಅವರನ್ನು ಹುಡುಕಲಿಲ್ಲ. ಮದುವೆ, ಮಕ್ಕಳು, ಲಿಂಗಸುಗೂರಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಟೀಚರ್ ಕೆಲಸ... ಇವೆಲ್ಲ ಎಕ್ಸ್‌ಕ್ಯೂಸ್. ನರ್ಸಮ್ಮನ ಮಗಳು ಮಸ್ಕಿಯಲ್ಲಿದ್ದಾಳೆಂದು ತಿಳಿದು, ಹೋದ ವರ್ಷ ಕೇಳಿಕೊಂಡು ಹೋದೆ. ಅರ್ಧ ತಾಸಿನ ಬಸ್ಸಿನ ದಾರಿ, ಅಷ್ಟು ಹತ್ತಿರ. ಅವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಕಾಂಪೌಂಡಿಗೆ ಒರಗಿಸಿದ ಸೈಕಲ್ ರಿಮ್ಮಿನ ಮೇಲೆ ಹೀರೆಬಳ್ಳಿ ಹಬ್ಬಿಸಿದ್ದರು. ಮಗಳಿಗೆ ಏನೆಂದು ಪರಿಚಯ ಹೇಳಿಕೊಳ್ಳಲಿ ಎಂದು ತಡವರಿಸುತ್ತಿದ್ದೆ. ಅವಳೇ ನನ್ನನ್ನು ದಿಟ್ಟಿಸಿ ನೋಡಿ, “ಎರಡು ಸಲ ನೀಡಿಸ್ಕೊಂಡಾಕಿ ನೀವೇನ್ರಿ?” ಎಂದಳು.

ಹೊನ್ನಾವರದ ದಂಡೆಯಲ್ಲಿ ಇದೆಲ್ಲ ನೆನಪಾಗಿ ನಿಂತಿದ್ದೆ. “ನಾವು ಸುಮ್ನೆ ಫೋಟೋ ತೆಗೆಸಿಕೊಂಡು ಹೋಗೋಣ ದೊಡ್ಡಮ್ಮ,” ಎಂದಳು ತಂಗಿಯ ಮಗಳು. “ಈ ವಯಸ್ಸಲ್ಲಿ, ಆ ಮೊಣಕಾಲು ಇಟ್ಕೊಂಡು... ಜನ ಏನಂದಾರು?”

ಜನ ಏನೆನ್ನುತ್ತಾರೆ ಎಂದು ನನಗೆ ಹನ್ನೆರಡನೇ ವಯಸ್ಸಿನಿಂದ ಗೊತ್ತು. ಚಪ್ಪಲಿ ಬಿಚ್ಚಿದೆ. ಲೈಫ್ ಜಾಕೆಟ್ಟನ್ನು ಸೀರೆಯ ಮೇಲೇ ತೊಟ್ಟೆ. ಬಾಡಿಗೆಯ ಹೆಂಗಸು ನನ್ನ ಸೊಂಟ ಹಿಡಿದು ಮುಂದಿನ ಸೀಟಿಗೆ ಇಳಿಸಿ ತಾನು ಹಿಂದೆ ಕೂತಳು. ಕಯಾಕ್ ಹರಿಗೋಲಿನ ಹಾಗಲ್ಲ, ತಿರುಗುವುದಿಲ್ಲ, ನೆಟ್ಟಗೆ ಹೋಗುತ್ತದೆ. ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ನೆರಳಿನಲ್ಲಿ ಬಲೆ ಬಿಟ್ಟು ಕಾದೆ. ಎತ್ತುವಾಗ ಒಂದೇ ಉಸಿರಿಗೆ ಎಳೆದೆ. ಭುಜದಲ್ಲಿ ಎಲ್ಲೋ ಕಳಕ್ಕೆಂದಿತು, ಎಳೆದೆ.

ಅಂಗೈಯಗಲದ ಏಡಿ. ಉಗುರು ತಾಗದಂತೆ ಹಿಂದಿನಿಂದ ಹಿಡಿದು ಬೆನ್ನ ಮೇಲೆ ಮಲಗಿಸಿದೆ. ಹೊಟ್ಟೆಯ ಕೆಳಗೆ ಕಿತ್ತಳೆ ಬಣ್ಣದ ಮೊಟ್ಟೆಗಳ ಮುದ್ದೆ. ನೀರಿಗೆ ಇಳಿಸಿಬಿಟ್ಟೆ.

“ಅಯ್ಯೋ, ಚಲೋ ಏಡಿ ಆಗಿತ್ತಲೆ. ಬಿಡೂದಾದ್ರೆ ಎಂತಕ್ಕೆ ಹಿಡದ್ರಿ ಅಮ್ಮಾ?” ಎಂದಳು ಹಿಂದಿನಿಂದ.

“ಸುಮ್ನ,” ಎಂದೆ.

ಆ ಹೆಂಗಸಿಗೆ ಅದು ಬರೀ ಒಂದು ಮಾತು. ಅದನ್ನು ಕೇಳಿ ನಗಬೇಕಾಗಿದ್ದವರು ಆ ದೋಣಿಯಲ್ಲಿರಲಿಲ್ಲ. ಕಣ್ಣು ಉರಿಯಿತು, ಉಪ್ಪುನೀರಿನ ಕೈಯಿಂದ ಒರೆಸಿಕೊಂಡು ಇನ್ನಷ್ಟು ಉರಿಸಿಕೊಂಡೆ. ದಂಡೆಯಿಂದ ತಂಗಿಯ ಮಗಳು ಸಾಕು ಬಾ ಎಂದು ಕೈ ಬೀಸುತ್ತಿದ್ದಳು. ನಾನು ಕರುಳಿನ ಗಂಟನ್ನು ಬಿಗಿ ಮಾಡಿ ಬಲೆಯನ್ನು ಮತ್ತೆ ನೀರಿಗೆ ಬಿಟ್ಟೆ. ಆವತ್ತು ಐತಾರವಾಗಿತ್ತು.