ಮನೆ ಕಾಯಲು ಉಳಿದವನು

ಸುರಪುರದಲ್ಲಿ ನಮ್ಮ ಪಕ್ಕದ ಮನೆಯ ಹಿರಿಮಗ ಮದುವೆಯಾಗದವನು, ಮೆಲುಮಾತಿನವನು. ಯಾರು ಏನು ಕೇಳಿದರೂ ತಲೆ ತುರಿಸಿಕೊಂಡು, "ಮನ್ಯಾಗ ಕೇಳಿ ಹೇಳ್ತೀನ್ರಿ" ಎನ್ನುವನು. ನಿಜಾಮರ ಆಳ್ವಿಕೆಯ ಕೊನೆಯ ವರ್ಷ, ಲೂಟಿಯ ಭಯಕ್ಕೆ ಅವನ ಮನೆಯವರೆಲ್ಲ ಸಂಸ್ಥಾನದ ಗಡಿ ದಾಟಿ ಹೋದಾಗ ಮನೆ ಕಾಯಲು ಅವನೊಬ್ಬನೇ ಉಳಿದ.

ಮನೆ ಖಾಲಿಯೆಂದು ಗೊತ್ತಾದರೆ ಬಾಗಿಲು ಮುರಿಯುತ್ತಾರೆ. ಅದಕ್ಕೆ ಅವನು ಒಳಗೆ ಕೂತು ಎಲ್ಲರ ದನಿಯಲ್ಲೂ ತಾನೇ ಮಾತಾಡತೊಡಗಿದ. ಅಪ್ಪನ ಕೆಮ್ಮು, ಅವ್ವನ ಬೈಗುಳ, ತಮ್ಮನ ಮಕ್ಕಳ ಜಗಳ ಎಲ್ಲವೂ ಗೋಡೆಯಾಚೆಯಿಂದ ನಮಗೆ ಕೇಳುತ್ತಿದ್ದವು. ನಮ್ಮವ್ವ ರೊಟ್ಟಿ ಕೊಡುತ್ತ, "ಏನೋ ತಮ್ಮಾ, ನಿಮ್ಮವ್ವಗ ಇನ್ನೊಂದು ಬೇಕಂತೇನು?" ಎಂದು ಚೇಷ್ಟೆ ಮಾಡುವಳು. "ಮನ್ಯಾಗ ಕೇಳಿ ಹೇಳ್ತೀನಿ ಯಕ್ಕಾ" ಎಂದು ಅವನೂ ನಗುವನು. ಬರಬರುತ್ತ ನಗುವುದನ್ನು ಬಿಟ್ಟ. ನಿಜವಾಗಿಯೂ ಒಳಗೆ ಹೋಗಿ ಕೇಳಿಕೊಂಡು ಬಂದು, "ಬ್ಯಾಡಂತ" ಎನ್ನತೊಡಗಿದ.

ಸಂಸ್ಥಾನ ಭಾರತಕ್ಕೆ ಸೇರಿ ಗಲಾಟೆ ಅಡಗಿದ ಮೇಲೆ, ಒಂದು ಮಧ್ಯಾಹ್ನ ಮನೆಯವರು ಗಾಡಿಯಲ್ಲಿ ಮರಳಿದರು. ತಾಯಿ ಬಾಗಿಲು ಬಡಿದು, "ಬಾಗ್ಲಾ ತಗಿಯೋ ತಮ್ಮಾ, ನಾವು ಬಂದೀವಿ" ಎಂದಳು.

ಬಾಗಿಲು ತೆರೆಯಲಿಲ್ಲ. ಒಳಗೆ ಅವಳದೇ ದನಿ ಮಗನಿಗೆ ಹೇಳುತ್ತಿತ್ತು: "ಒಬ್ಬಾಂವ ಇಲ್ಲಿ ಹ್ಯಾಂಗ ಇರ್ತಿ? ನೀನೂ ನಮ್ಮ ಜೋಡಿ ನಡಿ."

ಕಿರಿಮಗ ಮತ್ತೆ ಬಾಗಿಲು ಬಡಿಯಲು ಕೈಯೆತ್ತಿದ. ತಾಯಿ ಆ ಕೈ ಹಿಡಿದುಕೊಂಡಳು.

"ತಡಿ. ಹೋಗೋ ದಿನ ನಾ ಈ ಮಾತು ಅಂದಿದ್ದಿಲ್ಲ. ಅಂವ ಪೂರಾ ಕೇಳ್ಲಿ."