ಮಾವ್ಶಿ ಅಲ್ಲಾಡಿಸಿದ ಫ್ಲೋಟು

ಗೆಳೆಯರೇ, ಇವತ್ತು ಮುಂಬೈನ ವರ್ಸೋವಾದಲ್ಲಿ ನಾನು ರಿಪೇರಿಗೆ ಹಿಡಿದ ಒಂದು ಮೀನಿನ ದೋಣಿಯ ಇಂಜಿನ್ ಸ್ಟಾರ್ಟ್ ಆದ ಕೂಡಲೇ ಕಾರ್ಬೊರೇಟರ್‌ನಿಂದ ಪೆಟ್ರೋಲ್ ಉಕ್ಕಿಸಿ ಬಂದ್ ಬೀಳುತ್ತಿತ್ತು. ಎರಡು ಸಲ ಅದರೊಳಗಿನ ಪೆಟ್ರೋಲ್ ತಡೆಯುವ ಸೂಜಿ ಬದಲಿಸಿದರೂ ಅದೇ ಕತೆ. "ಕಾರ್ಬೊರೇಟರೇ ಹೊಸದು ಬೇಕು ಮಾವ್ಶಿ, ಇವತ್ತು ದೋಣಿ ಹೋಗಲ್ಲ," ಎಂದು, ಎಲ್ಲರೂ ಮಾವ್ಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ದೋಣಿಯ ಒಡತಿಗೆ ಹೇಳಿಬಿಟ್ಟೆ.

ಆಕೆ ನಾನು ಬಿಚ್ಚಿಟ್ಟಿದ್ದ ಹಿತ್ತಾಳೆಯ ಫ್ಲೋಟನ್ನು ಎತ್ತಿಕೊಂಡು, ತೆಂಗಿನಕಾಯಿ ಆರಿಸುವಂತೆ ಕಿವಿಯ ಹತ್ತಿರ ಅಲ್ಲಾಡಿಸಿದಳು. "ಬಾಳಾ, ಮಗನೇ, ಒಳಗೆ ಏನೋ ಕುಲುಕ್ತಿದೆ. ಇದು ಟೊಳ್ಳಾಗಿರಬೇಕಲ್ಲ?"

ತೇಲುತ್ತಾ ಪೆಟ್ರೋಲ್ ತಡೆಯಬೇಕಾದ ಫ್ಲೋಟೇ ಪೆಟ್ರೋಲ್ ಕುಡಿದು ಮುಳುಗಿತ್ತು. ಅದನ್ನು ಖಾಲಿ ಮಾಡಿ, ಕಣ್ಣಿಗೆ ಕಾಣದಷ್ಟು ಚಿಕ್ಕ ತೂತಿಗೆ ಬೆಸುಗೆ ಹಾಕಿದೆ. ಇಂಜಿನ್ ನಿಲ್ಲದೆ ಓಡಿತು. ನಾನು ಅವಳ ಕಿವಿಯನ್ನೇ ನೋಡುತ್ತಾ ನಿಂತೆ.

ಈಗ ಆಕೆ ದಡದವರಿಗೆಲ್ಲ "ಪೋರ್ಗಾ ಹುಶಾರ್ ಆಹೆ", ಹುಡುಗ ಜಾಣ, ಎಂದು ನನ್ನನ್ನು ಹೊಗಳುತ್ತಿದ್ದಾಳೆ. ನಂಬಬೇಡಿ. ಪೋರ್ಗಾ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು, ಕಾಯಿ ಆರಿಸಲೂ ಬಾರದವನು.